ರೋಮ್‌ನಲ್ಲಿ ಅಗ್ಗದ ಊಟ: ನಿಂತು ತಿನ್ನುವುದೋ, ತೂಗಿಸಿ ತಿನ್ನುವುದೋ, ಕೂತು ತಿನ್ನುವುದೋ?

ರೋಮ್‌ನಲ್ಲಿ ಒಂದೇ ಕಾಫಿಗೆ ಎರಡು ಬೆಲೆ. ಕೌಂಟರ್ ಮುಂದೆ ನಿಂತು ಕುಡಿದರೆ ಎಸ್ಪ್ರೆಸೊ ಸುಮಾರು 1.20 ಯೂರೊ. ಅದನ್ನೇ ಪ್ಯಾಂಥಿಯನ್ ಎಂಬ ಪುರಾತನ ದೇಗುಲದ ಎದುರಿನ ಮೇಜಿಗೆ ತರಿಸಿಕೊಂಡರೆ ನಾಲ್ಕೈದು ಯೂರೊ. ಮಿಕ್ಕಿದ್ದು ಕುರ್ಚಿಯ ಬಾಡಿಗೆ. ಇದು ಮೋಸವೇನಲ್ಲ, ಎರಡೂ ದರಗಳ ಪಟ್ಟಿ ಒಳಗೆ ತೂಗುಹಾಕಿರುತ್ತದೆ, ನೋಡುವವರು ಕಡಿಮೆ ಅಷ್ಟೇ. ಈ ಊರಿನಲ್ಲಿ ಬಿಲ್ ಏರುವುದು ಏನು ತಿಂದಿರಿ ಎಂಬುದಕ್ಕಿಂತ ಹೇಗೆ ತಿಂದಿರಿ ಎಂಬುದರ ಮೇಲೆ.

ಬೆಳಗಿನ ತಿಂಡಿಯಿಂದಲೇ ನೋಡೋಣ. ಹೋಟೆಲಿನ ಬಫೆಗೆ ಬೇರೆ ದುಡ್ಡು ಕೊಡಬೇಕಾದರೆ ತಲೆಗೆ ಹತ್ತು ಯೂರೊ ಮೇಲೆಯೇ. ಬೀದಿಯ ‘ಬಾರ್’ನಲ್ಲಿ (ಅಲ್ಲಿ ಬಾರ್ ಎಂದರೆ ಮೊದಲು ಕಾಫಿ ಅಂಗಡಿ) ಕಪುಚೀನೊ, ಜೊತೆಗೊಂದು ಕೊರ್ನೆತ್ತೊ (ಕ್ರುವಾಸಾನ್‌ನಂಥ ಸಿಹಿ ಬನ್ನು) ಸೇರಿ ಮೂರು ಯೂರೊ ಆಸುಪಾಸು. ಬೆಂಗಳೂರಿನ ದರ್ಶಿನಿ ಗೊತ್ತಿದ್ದವರಿಗೆ ಇಲ್ಲಿನ ಪದ್ಧತಿ ಹೊಸದಲ್ಲ. ಜನ ಹೆಚ್ಚಿರುವ ಅಂಗಡಿಗಳಲ್ಲಿ ಮೊದಲು ‘ಕಾಸ್ಸಾ’ ಎಂಬ ಗಲ್ಲಾದಲ್ಲಿ ಹಣ ಕೊಟ್ಟು ‘ಸ್ಕೊಂತ್ರೀನೊ’ ಚೀಟಿ ಪಡೆಯಬೇಕು, ಆಮೇಲೆ ಅದನ್ನು ಕೌಂಟರ್ ಮೇಲಿಟ್ಟು ಬೇಕಾದದ್ದನ್ನು ಹೇಳಬೇಕು. ಚೀಟಿಯಿಲ್ಲದೆ ನೇರ ಕೌಂಟರಿಗೆ ಹೋಗಿ ನಿಂತರೆ ನಿಂತೇ ಇರುತ್ತೀರಿ. ‘ಲಾತ್ತೆ’ ಎಂದಷ್ಟೇ ಕೇಳಿದರೆ ಬರುವುದು ಒಂದು ಲೋಟ ಹಾಲು. ಕಾಫಿ ಬೇಕಿದ್ದರೆ ‘ಕಫೆಲಾತ್ತೆ’ ಎನ್ನಿ. ಕೊರ್ನೆತ್ತೊದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ.

ಮಧ್ಯಾಹ್ನದ ಸ್ಪರ್ಧೆಯೇ ನಿಜವಾದ ಸ್ಪರ್ಧೆ. ಒಂದು ಕಡೆ ‘ಪಿಜ್ಜಾ ಅಲ್ ತಾಲ್ಯೊ’: ಉದ್ದನೆಯ ತಟ್ಟೆಗಳಲ್ಲಿ ಬೇಯಿಸಿ, ಕತ್ತರಿಸಿ, ತೂಗಿ ಮಾರುವ ಪಿಜ್ಜಾ. ಇನ್ನೊಂದು ಕಡೆ ಸೂಪರ್‌ಮಾರ್ಕೆಟ್ಟಿನ ಬ್ರೆಡ್ಡು, ಚೀಸು. ಮೂರನೆಯದು ಸ್ಮಾರಕಗಳ ಸುತ್ತ ಫಲಕ ಹಿಡಿದು ಕರೆಯುವ ‘ಮೆನು ತುರಿಸ್ತಿಕೊ’, ಅಂದರೆ ಪ್ರವಾಸಿಗರಿಗೆಂದೇ ಇರುವ ನಿಗದಿತ ದರದ ಊಟ. ಅದರಲ್ಲಿ 15 ಯೂರೊ ಎಂದು ಬರೆದಿದ್ದರೂ ಪಾನೀಯ, ಬ್ರೆಡ್ಡು ಸೇರಿ 20 ದಾಟುವುದು ಸುಲಭ. ಪಾಸ್ತಾ ಬಹಳ ಕಡೆ ಮೊದಲೇ ಬೇಯಿಸಿಟ್ಟದ್ದು. ಅದನ್ನು ಇಲ್ಲಿಗೇ ಬಿಡೋಣ.

ಪಿಜ್ಜಾ ತೂಗಿಸುವಾಗ ಒಂದು ಪದ ಗೊತ್ತಿರಲೇಬೇಕು: ‘ಎತ್ತೊ’, ಅಂದರೆ 100 ಗ್ರಾಂ. ಫಲಕದ ಬೆಲೆ ಕೆಲವೆಡೆ ಕಿಲೋಗೆ, ಕೆಲವೆಡೆ ಎತ್ತೊಗೆ ಇರುತ್ತದೆ. 2 ಎಂದು ನೋಡಿ ಒಂದು ತುಂಡಿಗೆ ಎರಡೇ ಯೂರೊ ಎಂದುಕೊಂಡವರು 350 ಗ್ರಾಂಗೆ ಏಳು ಯೂರೊ ಕೊಟ್ಟು ಬರುತ್ತಾರೆ. ‘ಒಂದು ತುಂಡು’ ಎಂದು ಕೈ ತೋರಿಸಿದರೆ ಅಳತೆ ಮಾರುವವನ ಚಾಕುವಿಗೆ ಬಿಟ್ಟಂತೆ. ‘ದುವೆ ಎತ್ತಿ’ (200 ಗ್ರಾಂ) ಎಂದು ಹೇಳಿ. ಅವನು ಚಾಕುವನ್ನು ಪಿಜ್ಜಾದ ಮೇಲಿಟ್ಟು ನಿಮ್ಮ ಮುಖ ನೋಡಿದಾಗ ‘ಮೆನೊ’ (ಇನ್ನೂ ಕಡಿಮೆ) ಅಥವಾ ‘ದಿ ಪ್ಯೂ’ (ಇನ್ನೂ ಜಾಸ್ತಿ) ಎನ್ನಿ. ಒಬ್ಬರಿಗೆ 250ರಿಂದ 300 ಗ್ರಾಂ ಸಾಕು. ಇಲ್ಲಿ ತೂಕವೇ ಆಟ: ಬರೀ ಟೊಮ್ಯಾಟೊ ಸವರಿದ ‘ರೊಸ್ಸಾ’ ಹಗುರ, ಕಿಲೋ ದರವೂ ಕಡಿಮೆ, ಹಾಗಾಗಿ ಕಾಸಿಗೆ ಹೆಚ್ಚು ಅಗಲದ ಪಿಜ್ಜಾ ಸಿಗುತ್ತದೆ. ತರಕಾರಿ, ಹಸಿ ಚೀಸು ಹೇರಿದ್ದು ನೀರಿನಂಶದಿಂದಲೇ ಭಾರ. ಎರಡು ಬಗೆಯನ್ನು ಒಂದೊಂದು ಎತ್ತೊ ತೆಗೆದುಕೊಳ್ಳುವುದು ಒಳ್ಳೆಯ ಉಪಾಯ. ತಟ್ಟೆಗಳು ಬಿಸಿಬಿಸಿಯಾಗಿ ಹೊರಬರುವುದು ಮಧ್ಯಾಹ್ನ ಒಂದರ ಹೊತ್ತಿಗೆ. ನಾಲ್ಕು ಗಂಟೆಗೆ ಹೋದರೆ ಉಳಿದದ್ದನ್ನು ಮತ್ತೆ ಕಾಯಿಸಿ ಕೊಡುತ್ತಾರೆ, ಅಂಚು ಚರ್ಮದಂತೆ ಎಳೆಯುತ್ತದೆ.

ಸೂಪರ್‌ಮಾರ್ಕೆಟ್ ಇದಕ್ಕಿಂತ ಅಗ್ಗ. ಒಳಗೆ ಟೊಳ್ಳಾಗಿರುವ ‘ರೊಸೆತ್ತಾ’ ಬನ್ನು, ಗಾಜಿನ ಕೌಂಟರಿನಲ್ಲಿ ಅರ್ಧ ಎತ್ತೊ ಪ್ರೊವೊಲೊನೆ ಚೀಸು, ಒಂದು ಟೊಮ್ಯಾಟೊ, ಒಂದು ಹಣ್ಣು ಎಂದರೆ ಮೂರು ಯೂರೊ ಆಸುಪಾಸು. ಕೆಲವು ಕೌಂಟರಿನವರು ಬನ್ನು ಸೀಳಿ ಚೀಸು ತುಂಬಿಯೇ ಕೊಡುತ್ತಾರೆ. ಎಡವಟ್ಟಾಗುವುದು ಹಣ್ಣು, ತರಕಾರಿಯಲ್ಲಿ. ಅಲ್ಲಿಟ್ಟಿರುವ ಪ್ಲಾಸ್ಟಿಕ್ ಕೈಗವಸು ಹಾಕಿಕೊಂಡು ಆರಿಸಬೇಕು. ಬೆಲೆ ಫಲಕದ ಸಂಖ್ಯೆ ನೆನಪಿಟ್ಟುಕೊಂಡು ತಕ್ಕಡಿಯಲ್ಲಿ ಅದೇ ಗುಂಡಿ ಒತ್ತಿ, ಬಂದ ಚೀಟಿಯನ್ನು ಚೀಲಕ್ಕೆ ಅಂಟಿಸಬೇಕು. ಚೀಟಿ ಮರೆತರೆ ಬಿಲ್ ಕೌಂಟರಿನಿಂದ ವಾಪಸು, ಹಿಂದೆ ಇಡೀ ಸಾಲು ಗೊಣಗುತ್ತದೆ. ಕೊನೆಗೆ ಎಲ್ಲಿ ಕೂತು ತಿನ್ನುವುದು ಎಂಬ ಪ್ರಶ್ನೆ. ಸ್ಪ್ಯಾನಿಷ್ ಮೆಟ್ಟಿಲುಗಳ ಮೇಲೆ 2019ರಿಂದ ಕೂರುವುದಕ್ಕೇ ನಿಷೇಧ, ದಂಡ ನೂರಾರು ಯೂರೊ. ಕಾರಂಜಿಯ ಅಂಚಿನಲ್ಲಿ ಪೊಟ್ಟಣ ಬಿಚ್ಚುವುದೂ ಬೇಡ. ಬೋರ್ಗೇಸೆ ಉದ್ಯಾನದ ಬೆಂಚು ವಾಸಿ. ಚಳಿಗಾಲದಲ್ಲೋ ಮಳೆಯಲ್ಲೋ ಈ ಉಪಾಯ ನಡೆಯುವುದಿಲ್ಲ, ಆಗ ಪಿಜ್ಜಾ ಅಂಗಡಿಯೇ ಗೆಲ್ಲುತ್ತದೆ.

ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ನಿಧಾನಿಸಬೇಕು. ಪಿಜ್ಜಾ ಅಂಗಡಿಯಲ್ಲೇ ಸಿಗುವ ‘ಸುಪ್ಲಿ’, ನೋಡಲು ನಮ್ಮ ಬೋಂಡದಂತಿದ್ದರೂ, ಸಾಂಪ್ರದಾಯಿಕವಾಗಿ ಮಾಂಸದ ಸಾರಿನಲ್ಲಿ ಬೇಯಿಸಿದ ಅನ್ನದ ಉಂಡೆ. ಕರಿದ ಕುಂಬಳ ಹೂವಿನೊಳಗೆ ಚೀಸಿನ ಜೊತೆ ‘ಅಲೀಚಿ’ ಎಂಬ ಪುಟ್ಟ ಮೀನು ಅಡಗಿರುತ್ತದೆ. ಪಿಯದೀನಾ ರೊಟ್ಟಿಯನ್ನು ಅನೇಕರು ‘ಸ್ತ್ರುತ್ತೊ’ ಅಂದರೆ ಹಂದಿ ಕೊಬ್ಬಿನಲ್ಲಿ ನಾದುತ್ತಾರೆ. ಪಾಸ್ತಾಗಳಲ್ಲಿ ಕಾರ್ಬೊನಾರಾ, ಅಮಾತ್ರಿಚಾನಾ ಎರಡರಲ್ಲೂ ಹಂದಿಯ ಕೆನ್ನೆಮಾಂಸ. ಉಳಿಯುವುದು ‘ಕಾಚೊ ಎ ಪೆಪೆ’, ಬರೀ ಚೀಸು, ಕರಿಮೆಣಸು. ಆದರೆ ಅದರ ಪೆಕೊರೀನೊ ಚೀಸನ್ನು ಹೆಪ್ಪುಗಟ್ಟಿಸುವುದು ಕುರಿಮರಿಯ ಜಠರದಿಂದ ತೆಗೆದ ರೆನೆಟ್‌ನಿಂದ. ಅಷ್ಟು ಕಟ್ಟುನಿಟ್ಟು ಇರುವವರಿಗೆ ಟೊಮ್ಯಾಟೊ, ಬೆಳ್ಳುಳ್ಳಿ, ಒರೆಗಾನೊ ಮಾತ್ರ ಇರುವ ‘ಮರಿನಾರಾ’ ಪಿಜ್ಜಾ ಉತ್ತಮ, ಮತ್ತು ಬಹುತೇಕ ಪಟ್ಟಿಗಳಲ್ಲಿ ಅದೇ ಅತಿ ಅಗ್ಗ. ಚೀಸೂ ಇಲ್ಲ, ಹಣವೂ ಉಳಿತಾಯ!

ರಾತ್ರಿಗೆ ಮಾತ್ರ ಕೂರುವುದು ಲೇಸು. ದಿನವಿಡೀ ನಡೆದ ಕಾಲಿಗೂ ಅದು ಬೇಕು. ಪಿಜ್ಜೇರಿಯಾದಲ್ಲಿ ಹಪ್ಪಳದಂತೆ ಗರಿಗರಿಯಾದ, ತಟ್ಟೆ ತುಂಬುವ ರೋಮನ್ ಪಿಜ್ಜಾ 7ರಿಂದ 10 ಯೂರೊ. ಟ್ರಾತೊರಿಯಾದಲ್ಲಿ (ಮನೆಯೂಟದಂಥ ಸಾದಾ ಹೋಟೆಲು) ಪಾಸ್ತಾ 12–14. ಒಂದು ‘ಪ್ರೀಮೊ’ (ಪಾಸ್ತಾದಂಥ ಮೊದಲ ಸುತ್ತಿನ ತಿನಿಸು) ಮಾತ್ರ ತಿಂದು ಎದ್ದರೆ ಯಾರೂ ಏನೂ ಅನ್ನುವುದಿಲ್ಲ. ಇವೆರಡಕ್ಕೂ ಪೈಪೋಟಿ ಕೊಡುವುದು ‘ಅಪೆರಿತೀವೊ’: ಸಂಜೆ ಹತ್ತು ಯೂರೊ ಆಸುಪಾಸಿನ ಒಂದು ಪಾನೀಯಕ್ಕೆ ತಿಂಡಿ ಉಚಿತ. ಕೆಲವೆಡೆ ಪೂರ್ತಿ ಬಫೆ, ಕೆಲವೆಡೆ ಒಂದು ಹಿಡಿ ಚಿಪ್ಸು, ನಾಲ್ಕು ಆಲಿವ್. ಕೂರುವ ಮೊದಲು ಪಕ್ಕದ ಮೇಜು ನೋಡಿ. ಮದ್ಯ ಕುಡಿಯದವರಿಗೆ ಈ ಲೆಕ್ಕ ಕೂಡಿಬರುವುದು ಅಪರೂಪ. ಕುಡಿಯುವವರಿಗೆ ಟ್ರಾತೊರಿಯಾದಲ್ಲಿ ಬಾಟಲಿಗಿಂತ ಹೋಟೆಲಿನವರು ಅಳೆದು ಕೊಡುವ ‘ಹೌಸ್ ವೈನ್’ ಅಗ್ಗ. ಕಾಲು ಲೀಟರಿಗೆ ‘ಉನ್ ಕ್ವಾರ್ತೊ’ ಎಂದು ಕೇಳಿ.

ಬಿಲ್ಲಿನ ಕೊನೆಯ ಸಾಲುಗಳನ್ನೂ ಓದಿ. ‘ಕೊಪೆರ್ತೊ’ ಎಂಬ ಮೇಜು ಶುಲ್ಕವನ್ನು ರೋಮ್ ಇರುವ ಲಾತ್ಸಿಯೊ ಪ್ರಾಂತ್ಯ 2006ರ ಕಾನೂನಿನಿಂದ ನಿಲ್ಲಿಸಿತು. ಆದರೆ ಬ್ರೆಡ್ಡಿಗೆ ಬೇರೆ ದುಡ್ಡು ಕೇಳಬಹುದು, ಹಾಗಾಗಿ ‘ಪಾನೆ’ ಎಂಬ ಸಾಲು ತಲೆಗೆ ಒಂದೆರಡು ಯೂರೊ ಸೇರಿಸುತ್ತದೆ. ಬೇಡವಾದರೆ ಬುಟ್ಟಿ ಮೇಜಿಗೆ ಬಂದ ಕೂಡಲೇ, ಮುಟ್ಟುವ ಮೊದಲೇ ವಾಪಸು ಕಳಿಸಿ. ಮೀನು ತಿನ್ನುವವರು ಬೆಲೆಯ ಪಕ್ಕದಲ್ಲಿ ‘ಅಲ್ ಎತ್ತೊ’ ಇದೆಯೇ ನೋಡಲಿ: 6 ಯೂರೊ ಎಂದು ಕಂಡದ್ದು 600 ಗ್ರಾಂ ಮೀನಿಗೆ 36 ಆಗುತ್ತದೆ. ಟಿಪ್ಸ್ ಕಡ್ಡಾಯವಲ್ಲ.

ನೀರಿಗೆ ದುಡ್ಡು ಕೊಡುವುದು ರೋಮ್‌ನಲ್ಲಿ ಶುದ್ಧ ದಂಡ. ಬೀದಿಬೀದಿಯಲ್ಲಿ ‘ನಸೋನೆ’ ಎಂಬ ಎರಕದ ಕಬ್ಬಿಣದ ನಲ್ಲಿಗಳಿವೆ, 1870ರ ದಶಕದಿಂದ ನೆಟ್ಟವು. ಸದಾ ಹರಿಯುವ ತಣ್ಣನೆಯ ಕುಡಿಯುವ ನೀರು. ಬಾಟಲಿಯಿದ್ದರೆ ಕೆಳಗೆ ಹಿಡಿಯಿರಿ. ಇಲ್ಲದಿದ್ದರೆ ಕೊಳವೆಯ ಬಾಯನ್ನು ಬೆರಳಿನಿಂದ ಮುಚ್ಚಿ. ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಬಾಯಿ ಹಿಡಿದರಾಯಿತು. ಮೊದಲ ಸಲ ಅಂಗಿ ಒದ್ದೆಯಾಗುವುದು ಗ್ಯಾರಂಟಿ.

ಅಡುಗೆಮನೆ ಇರುವ ಕೋಣೆ ಹಿಡಿದಿದ್ದರೆ ಮೇಲಿನ ಲೆಕ್ಕವೆಲ್ಲ ಬದಲಾಗುತ್ತದೆ. ತೆರ್ಮಿನಿ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದ ಎಸ್ಕ್ವಿಲೀನೊ ಮಾರುಕಟ್ಟೆಯಲ್ಲಿ ಬಾಂಗ್ಲಾದೇಶಿ ಅಂಗಡಿಗಳಿವೆ: ಅಕ್ಕಿ, ಬೇಳೆ, ಹಸಿಮೆಣಸಿನಕಾಯಿ, ಶುಂಠಿ, ಬೆಂಡೆಕಾಯಿ. ಆದರೆ ಎರಡು ರಾತ್ರಿ ಮಾತ್ರ ಇರುವವರು ಎಣ್ಣೆ, ಉಪ್ಪು, ಅರಿಶಿನ ಎಲ್ಲ ಕೊಂಡು ಅರ್ಧ ಬಿಟ್ಟು ಬರುವುದರಿಂದ ಪಿಜ್ಜಾಗಿಂತ ದುಬಾರಿಯೇ ಆಗುತ್ತದೆ. ನಾಲ್ಕು ದಿನ, ಮೂವರು ನಾಲ್ವರು ಇದ್ದರೆ ಸರಿ. ಊರಿಂದಲೇ ಒಂದು ಸಣ್ಣ ಡಬ್ಬಿಯಲ್ಲಿ ಸಾರಿನ ಪುಡಿ ಒಯ್ದರೆ ಮಸಾಲೆ ಕೊಳ್ಳುವ ಖರ್ಚು ಉಳಿಯಿತು. ಮಾರುಕಟ್ಟೆಗೆ ಭಾನುವಾರ ರಜೆ, ಶನಿವಾರವೇ ಹೋಗಿ ಬನ್ನಿ.