ಅಪ್ಪನ ಕಿವಿ ಮಷೀನು, ಉಡುಪಿಯಲ್ಲಿ

ಅಪ್ಪ ಮಲ್ಪೆಯ ಟ್ರಾಲ್ ಬೋಟಿನಲ್ಲಿ ಎಂಜಿನ್ ಪಕ್ಕದಲ್ಲೇ 30 ವರ್ಷ ದುಡಿದವರು. ಉಡುಪಿಯ ಈ ಶ್ರವಣ ಕೇಂದ್ರದಲ್ಲಿ ಮೊದಲು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಎಷ್ಟು ಕೇಳಿಸುತ್ತದೆ ಎಂದು ತೋರಿಸುವ ಗ್ರಾಫಿನ ಗೆರೆ 4000 ಹರ್ಟ್ಸ್ ಹತ್ತಿರ, ಅಂದರೆ ಕೀರಲು ಸದ್ದುಗಳ ಕಡೆ, ಗುಂಡಿಯಂತೆ ಕುಸಿದಿತ್ತು. ಜಾಸ್ತಿ ಸದ್ದಿಗೆ ಸೋತ ಕಿವಿಯ ಗುರುತು ಅದು. ಸದ್ದನ್ನು ಗ್ರಹಿಸುವ ಒಳಕಿವಿಯ ಕೂದಲು ಕೋಶಗಳು ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ, ಮಷೀನು ಅದನ್ನು ವಾಸಿ ಮಾಡುವುದಿಲ್ಲ ಎಂದು ನೇರವಾಗಿ ಹೇಳಿದರು. ಸುಮ್ನೆ ಆಸೆ ಹುಟ್ಟಿಸಲಿಲ್ಲ. ಅದೇ ನನಗೆ ಹಿಡಿಸಿತು.

ಹಿಂದೆ ಇನ್ನೊಂದು ಅಂಗಡಿಯವರು ಪರೀಕ್ಷೆಯೇ ಇಲ್ಲದೆ ಮಷೀನು ಮಾರಿದ್ದರು. ಅಪ್ಪ ಎರಡೇ ದಿನಕ್ಕೆ ಕಳಚಿಟ್ಟರು. ಇಲ್ಲಿ ಮೂರು ಸಲ ಕರೆಸಿ ಸದ್ದು ಹೊಂದಿಸಿದರು. ಕೇಂದ್ರದ ಮೆಟ್ಟಿಲು ಮಾತ್ರ ಕಡಿದಾಗಿದೆ, ವಯಸ್ಸಾದವರಿಗೆ ಕಷ್ಟ ಅಲ್ವಾ? ನಮ್ಮ ಮಳೆಗಾಲಕ್ಕೆ ಮಷೀನು ಇಡಲು ತೇವ ಹೀರುವ ಡಬ್ಬಿಯನ್ನೂ ಕೇಳಿ ತೆಗೆದುಕೊಳ್ಳಿ.

ಮೊನ್ನೆ ಮೊಮ್ಮಗಳು ಹಿಂದಿನಿಂದ ಮೆಲ್ಲಗೆ "ಅಜ್ಜಾ" ಅಂದಳು. ಅಪ್ಪ ತಿರುಗಿ ನೋಡಿದರು.