ಕೆಂಪು, ಬೂದು, ನೀಲಿ: ಆರ್ಗಾನ್ ವೆಲ್ಡಿಂಗ್‌ಗೆ ಯಾವ ಟಂಗ್‌ಸ್ಟನ್ ರಾಡ್?

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ನನ್ನ ಅಂಗಡಿಯಲ್ಲಿ ಈಗ ನೀಲಿ ತುದಿಯ ಟಂಗ್‌ಸ್ಟನ್ ರಾಡ್ ಬಿಟ್ಟರೆ ಬೇರೆ ಯಾವುದನ್ನೂ ಇಡುವುದಿಲ್ಲ. ಆರ್ಗಾನ್ ವೆಲ್ಡಿಂಗ್‌ನಲ್ಲಿ ಟಾರ್ಚಿಗೆ ಕೂರಿಸಿದ ಈ ರಾಡಿನ ತುದಿಯಿಂದ, ಆರ್ಗಾನ್ ಗ್ಯಾಸಿನ ರಕ್ಷಣೆಯಲ್ಲಿ, ಹೊರಡುವ ವಿದ್ಯುತ್ ಜ್ವಾಲೆಯೇ (ಆರ್ಕ್) ಲೋಹವನ್ನು ಕರಗಿಸಿ ಬೆಸೆಯುವುದು. ಕೆಂಪು, ಬೂದು, ಹಸಿರು ಮೂರನ್ನೂ ಬಳಸಿ ನೋಡಿದ ಮೇಲೆ ಈ ನಿರ್ಧಾರಕ್ಕೆ ಬಂದಿದ್ದೇನೆ. ಆದರೆ ಇದು ಎಲ್ಲರ ಅಂಗಡಿಗೂ ಒಪ್ಪುವ ಮಾತಲ್ಲವಾದ್ದರಿಂದ ನಮ್ಮಲ್ಲಿ ನಡೆಯುವ ಕೆಲಸ ಎಂಥದ್ದೆಂದು ತಿಳಿಸುವುದು ಅಗತ್ಯ. ಚಿಕ್ಕಮಗಳೂರಿನ ಸಣ್ಣ ಫ್ಯಾಬ್ರಿಕೇಷನ್ ಅಂಗಡಿಗೆ ಆರ್ಗಾನ್ ವೆಲ್ಡಿಂಗ್ ಕೆಲಸ ಎರಡು ಬಗೆಯಲ್ಲಿ ಬರುತ್ತದೆ. ವರ್ಷವಿಡೀ ಬರುವುದು ಹೋಂಸ್ಟೇ ಮತ್ತು ಹೊಸ ಮನೆಗಳ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ರೇಲಿಂಗ್, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ತೊಟ್ಟಿ, ಹಾಲಿನ ಪೈಪಿನ ಚಿಲ್ಲರೆ ರಿಪೇರಿ. ಫೆಬ್ರುವರಿ ಮತ್ತು ಮಾರ್ಚ್‌ನಲ್ಲಿ, ಕಾಫಿ ಹೂಬಿಡಲು ಬೇಕಾದ ಹೂಮಳೆ ಕೈಕೊಟ್ಟು ರೊಬಸ್ಟಾ ಕಾಫಿ ತೋಟಗಳಿಗೆ ಸ್ಪ್ರಿಂಕ್ಲರ್ ಹಾಯಿಸಲೇಬೇಕಾದ ದಿನಗಳಲ್ಲಿ, ಪೈಪುಗಳನ್ನು ಜೋಡಿಸುವ ಕಪ್ಲರಿನ ಬುಡದಲ್ಲಿ ಬಿರುಕುಬಿಟ್ಟ ಅಲ್ಯೂಮಿನಿಯಂ ಪೈಪುಗಳು ಜೀಪುಗಳಲ್ಲಿ ಬಂದು ಬೀಳುತ್ತವೆ. ಎರಡು ಕೆಲಸಕ್ಕೂ ಇರುವುದು ಒಂದೇ ಎಸಿ/ಡಿಸಿ ಇನ್ವರ್ಟರ್ ಯಂತ್ರ (ಎಸ್‌ಎಸ್‌ಗೆ ಡಿಸಿ, ಅಲ್ಯೂಮಿನಿಯಂಗೆ ಎಸಿ), ಒಂದೇ ಟಾರ್ಚ್.

ರಾಡಿನ ತುದಿಯ ಬಣ್ಣ ಅಲಂಕಾರಕ್ಕೆ ಹಚ್ಚಿದ್ದಲ್ಲ. ಟಂಗ್‌ಸ್ಟನ್‌ಗೆ ಯಾವ ಆಕ್ಸೈಡ್ ಎಷ್ಟು ಬೆರೆತಿದೆ ಎಂಬುದನ್ನು ಅದು ಸೂಚಿಸುತ್ತದೆ. ಈ ರಾಡುಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 6848ರ ಪ್ರಕಾರ ಹಸಿರು ಎಂದರೆ ಶುದ್ಧ ಟಂಗ್‌ಸ್ಟನ್, ಕೆಂಪು ಎಂದರೆ ಶೇ. 2ರ ಥೋರಿಯಂ ಆಕ್ಸೈಡ್, ಬೂದು ಎಂದರೆ ಶೇ. 2ರ ಸೀರಿಯಂ, ನೀಲಿ ಎಂದರೆ ಶೇ. 2ರ ಲ್ಯಾಂಥನಂ. ಟಂಗ್‌ಸ್ಟನ್ ಕರಗುವುದು 3422 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೂ ಶುದ್ಧ ರಾಡಿನ ತುದಿ ಡಿಸಿಯಲ್ಲಿ ಚೂಪಾಗಿ ಉಳಿಯದೆ ಗುಂಡಾಗಿಬಿಡುತ್ತದೆ. ಆಕ್ಸೈಡ್ ಬೆರೆತಾಗ ಎಲೆಕ್ಟ್ರಾನ್‌ಗಳು ಲೋಹದಿಂದ ಸುಲಭವಾಗಿ ಹೊರಬೀಳುತ್ತವೆ. ಆದ್ದರಿಂದ ಅಷ್ಟೇ ಕರೆಂಟಿಗೆ ತುದಿ ಕಡಿಮೆ ಕಾಯುತ್ತದೆ, ಆರ್ಕ್ ಬೇಗ ಹತ್ತುತ್ತದೆ, ಸಾಣೆ ಹಿಡಿದ ಚೂಪು ಹೆಚ್ಚು ಹೊತ್ತು ನಿಲ್ಲುತ್ತದೆ.

ಕೆಂಪು ರಾಡಿನ ಬಗ್ಗೆ ನನಗೆ ಕೆಲಸದ ದೃಷ್ಟಿಯಿಂದ ದೂರೇನೂ ಇಲ್ಲ. ಡಿಸಿಯಲ್ಲಿ ಎಸ್‌ಎಸ್ ಮತ್ತು ಎಂಎಸ್ (ಸಾಮಾನ್ಯ ಉಕ್ಕು) ಎರಡಕ್ಕೂ ಅದು ನಂಬಿಕಸ್ಥ ರಾಡ್. ಹೆಚ್ಚಿನ ಕರೆಂಟಿನಲ್ಲೂ ಚೂಪು ಬಿಟ್ಟುಕೊಡುವುದಿಲ್ಲ, ನಮ್ಮ ಕಡೆಯ ಯಾವ ವೆಲ್ಡಿಂಗ್ ಸಾಮಗ್ರಿಯ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ, ನೀಲಿಗಿಂತ ಸ್ವಲ್ಪ ಅಗ್ಗವೂ ಹೌದು. ಹಳೆಯ ವೆಲ್ಡರುಗಳು ಟಂಗ್‌ಸ್ಟನ್ ಎಂದರೆ ಕೆಂಪೇ ಎಂದು ತಿಳಿದಿರುವುದರಲ್ಲಿ ಆಶ್ಚರ್ಯವಿಲ್ಲ.

ತೊಂದರೆ ಇರುವುದು ಅದರ ಪುಡಿಯಲ್ಲಿ. ಥೋರಿಯಂ ವಿಕಿರಣಶೀಲ ಧಾತು. ಅದರ ಅರ್ಧಾಯುಷ್ಯವೇ ಸುಮಾರು 1400 ಕೋಟಿ ವರ್ಷವಾದ್ದರಿಂದ ರಾಡ್ ಹಳತಾದರೆ ಅಪಾಯ ಕಡಿಮೆಯಾಗುತ್ತದೆ ಎಂದು ಭಾವಿಸುವಂತಿಲ್ಲ. ಅದು ಹೊರಸೂಸುವ ಆಲ್ಫಾ ಕಣಗಳನ್ನು ಚರ್ಮದ ಹೊರಪದರವೇ ತಡೆಯುವುದರಿಂದ ರಾಡನ್ನು ಕೈಯಲ್ಲಿ ಹಿಡಿಯುವುದಾಗಲಿ, ಜೇಬಿನಲ್ಲಿ ಇಟ್ಟುಕೊಳ್ಳುವುದಾಗಲಿ ಹೆದರಬೇಕಾದ ಸಂಗತಿಯಲ್ಲ. ಆದರೆ ಸಾಣೆ ಹಿಡಿಯುವಾಗ ಏಳುವ ಸಣ್ಣ ಧೂಳು ಉಸಿರಿನೊಡನೆ ಒಳಗೆ ಹೋದರೆ ಶ್ವಾಸಕೋಶಕ್ಕೆ ಆ ರಕ್ಷಣೆ ಇರುವುದಿಲ್ಲ. ಧೂಳು ಹೀರುವ ವ್ಯವಸ್ಥೆಯಿರುವ ದೊಡ್ಡ ಕಾರ್ಖಾನೆಗೆ ಇದು ನಿಭಾಯಿಸಬಹುದಾದ ವಿಷಯ. ನಮ್ಮಂಥ ಕಡೆ ಬೆಂಚ್ ಗ್ರೈಂಡರಿನ ಪಕ್ಕದಲ್ಲೇ ಟೀ ಫ್ಲಾಸ್ಕ್ ಇರುತ್ತದೆ, ಮಧ್ಯಾಹ್ನ ಹುಡುಗರು ಬುತ್ತಿ ಬಿಚ್ಚುವುದೂ ಅಲ್ಲಿಯೇ.

ಇಷ್ಟಾದರೂ ನಾನು ಬಣ್ಣ ಬದಲಿಸಿದ್ದು ಕೇವಲ ಧೂಳಿನ ಕಾರಣಕ್ಕಲ್ಲ. ಇನ್ನೊಂದು ಕಿರಿಕಿರಿ ಇದೆ, ಯಾವ ಕ್ಯಾಟಲಾಗಿನಲ್ಲೂ ಅದನ್ನು ಬರೆದಿರುವುದಿಲ್ಲ. ಬಣ್ಣವನ್ನು ರಾಡಿನ ಒಂದು ತುದಿಗೆ ಮಾತ್ರ ಹಚ್ಚಿರುತ್ತಾರೆ. ಬಣ್ಣವಿಲ್ಲದ ತುದಿಗೆ ಸಾಣೆ ಹಿಡಿದು, ಬಣ್ಣದ ತುದಿಯನ್ನು ಟಾರ್ಚಿನ ಹಿಂಬದಿಯ ಕ್ಯಾಪಿನೊಳಗೆ ಉಳಿಸಿಕೊಳ್ಳಬೇಕೆಂಬುದು ಕ್ರಮ. ಆದರೆ ರೇಲಿಂಗ್ ಕೆಲಸದ ಅವಸರದಲ್ಲಿ ತುದಿ ಕರಗಿದ ಲೋಹಕ್ಕೆ ತಾಗಿ ಕೆಟ್ಟಾಗ, ಎದ್ದು ಗ್ರೈಂಡರಿನ ಬಳಿಗೆ ಹೋಗುವ ಬದಲು ರಾಡನ್ನು ತಿರುಗಿಸಿ ಹಾಕುವ ಅಭ್ಯಾಸ ಎಲ್ಲ ವೆಲ್ಡರುಗಳಿಗೂ ಇರುತ್ತದೆ. ಅದಕ್ಕಾಗಿ ಎರಡೂ ತುದಿಗಳನ್ನು ಮೊದಲೇ ಚೂಪು ಮಾಡಿ ಇಟ್ಟುಕೊಳ್ಳುತ್ತಾರೆ. ಅಲ್ಲಿಗೆ ಬಣ್ಣ ಅಳಿಸಿಹೋಯಿತು. 150 ಅಥವಾ 175 ಮಿಲಿಮೀಟರ್ ಉದ್ದದ ಹೊಸ ರಾಡಿನಲ್ಲಿ ಇದ್ದ ಒಂದೇ ಗುರುತು ಹೋದ ಮೇಲೆ, ಅದು ಕೆಂಪೋ ಹಸಿರೋ ಎಂದು ಕಣ್ಣಿನಿಂದ ನೋಡಿಯಾಗಲಿ, ಕೈಯಲ್ಲಿ ತೂಗಿಯಾಗಲಿ, ಆಯಸ್ಕಾಂತ ಹಿಡಿದಾಗಲಿ ಹೇಳಲು ಬರುವುದಿಲ್ಲ.

ಅಲ್ಯೂಮಿನಿಯಂಗೆ ಹಸಿರು, ಎಸ್‌ಎಸ್‌ಗೆ ಕೆಂಪು ಎಂದು ಎರಡನ್ನೂ ಇಟ್ಟುಕೊಂಡಿದ್ದ ಕಾಲದಲ್ಲಿ ಡ್ರಾಯರಿನೊಳಗೆ ಹೀಗೆ ಹೆಸರಿಲ್ಲದ ರಾಡುಗಳೇ ತುಂಬಿಕೊಂಡಿದ್ದವು. “ಅಣ್ಣಾ, ಇದು ಕೆಂಪೇ, ನಾನೇ ಇಟ್ಟಿದ್ದು” ಎಂದು ಹುಡುಗ ಭರವಸೆಯಿಂದ ಕೊಟ್ಟ ರಾಡ್ ಎಸ್‌ಎಸ್ ತೊಟ್ಟಿಯ ಮೇಲೆ ಡಿಸಿಯಲ್ಲಿ ಹತ್ತಿಸಿದ ಸ್ವಲ್ಪ ಹೊತ್ತಿಗೆಲ್ಲ ತುದಿಯಲ್ಲಿ ಗುಂಡುಕಟ್ಟಿ, ಆರ್ಕ್ ಒಂದು ಕಡೆ ನಿಲ್ಲದೆ ಅತ್ತಿತ್ತ ಓಲಾಡತೊಡಗುತ್ತಿತ್ತು. ಅದು ಹಸಿರೆಂದು ಗೊತ್ತಾಗುತ್ತಿದ್ದುದು ಆಗಲೇ. ಹಾಗೆ ಗುಂಡಾದ ತುದಿಯಿಂದ ಒಂದು ಹನಿ ಬೆಸುಗೆಯೊಳಗೆ ಬಿದ್ದರಂತೂ ಕೆಲಸ ಕೆಟ್ಟಿತೆಂದೇ ಅರ್ಥ. ಟಂಗ್‌ಸ್ಟನ್ ಉಕ್ಕಿನಲ್ಲಿ ಕರಗಿ ಬೆರೆಯದೆ ಗಟ್ಟಿ ಚೂರಾಗಿಯೇ ಉಳಿಯುತ್ತದೆ. ಎಕ್ಸ್‌ರೇ ತೆಗೆದರೆ ಬಿಳಿಯ ಚುಕ್ಕೆಯಾಗಿ ಕಾಣುತ್ತದೆ. ರೇಲಿಂಗಿಗೆ ಯಾರೂ ಎಕ್ಸ್‌ರೇ ತೆಗೆಯುವುದಿಲ್ಲ ನಿಜ, ಆದರೆ ಹಾಲು ಹರಿಯುವ ಪೈಪಿನ ಜೋಡಣೆಯೊಳಗೆ ಅಂಥ ಚೂರು ಕುಳಿತಿದೆ ಎಂದು ತಿಳಿದೂ ಬಿಲ್ ಬರೆಯುವುದು ಕಷ್ಟ.

ಇದಕ್ಕೆ ಪರಿಹಾರಗಳನ್ನೂ ಪ್ರಯತ್ನಿಸಿ ನೋಡಿದೆವು. ಬೇರೆ ಬೇರೆ ಡಬ್ಬಿ ಇಟ್ಟೆವು. ಒಂದು ವಾರ ಕ್ರಮವಾಗಿ ನಡೆದು ಆಮೇಲೆ ಯಾವ ಡಬ್ಬಿಯಲ್ಲಿ ಯಾವುದು ಎಂಬುದು ಕಲಸಿಹೋಯಿತು. ರಾಡಿನ ನಡುವೆ ಮಾರ್ಕರಿನಿಂದ ಗುರುತು ಹಾಕಿದರೆ ಟಾರ್ಚಿನೊಳಗೆ ರಾಡನ್ನು ಹಿಡಿದಿಡುವ ಕಾಲೆಟ್ಟಿನ ಶಾಖಕ್ಕೆ ಅದು ಸುಟ್ಟುಹೋಗುತ್ತದೆ. ಎರಡೂ ತುದಿ ಚೂಪು ಮಾಡಕೂಡದೆಂಬ ಕಟ್ಟಪ್ಪಣೆ ನಾನು ಅಂಗಡಿಯಲ್ಲಿ ಇರುವಷ್ಟು ಹೊತ್ತು ಮಾತ್ರ ಪಾಲನೆಯಾಗುತ್ತದೆ. ಡ್ರಾಯರಿನಲ್ಲಿ ಒಂದೇ ಬಗೆಯ ರಾಡ್ ಇರುವಂತೆ ಮಾಡುವುದೊಂದೇ ಉಳಿದ ದಾರಿಯಾಗಿತ್ತು. ಎಸಿಯಲ್ಲೂ ಡಿಸಿಯಲ್ಲೂ ಒಪ್ಪುವಂತೆ ನಡೆಯುವ ರಾಡ್ ಯಾವುದೆಂದು ಹುಡುಕಿದಾಗ ನೀಲಿಗೆ ಬಂದು ನಿಂತೆ.

ಅಲ್ಯೂಮಿನಿಯಂ ವಿಷಯದಲ್ಲಿ ಹಳಬರು ಹಸಿರನ್ನೇ ಹೇಳುವುದಕ್ಕೆ ಕಾರಣವಿದೆ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಅದರ ಮೇಲಿನ ಆಕ್ಸೈಡ್ ಪದರ ಕರಗಲು 2000 ಡಿಗ್ರಿಗಿಂತ ಹೆಚ್ಚು ಬೇಕು. ಎಸಿಯಲ್ಲಿ ರಾಡ್ ಧನಾತ್ಮಕವಾಗುವ ಅರ್ಧ ಆವರ್ತವೇ ಆ ಪದರವನ್ನು ಕಿತ್ತು ತೆಗೆಯುವುದು, ರಾಡಿನ ತುದಿಯನ್ನು ವಿಪರೀತ ಕಾಯಿಸುವುದೂ ಅದೇ. ಹಳೆಯ ಟ್ರಾನ್ಸ್‌ಫಾರ್ಮರ್ ಯಂತ್ರಗಳಲ್ಲಿ ಎರಡು ಅರ್ಧಗಳ ಪಾಲು ಹೆಚ್ಚುಕಡಿಮೆ ಸಮವಾಗಿರುತ್ತಿದ್ದುದರಿಂದ, ತುದಿಯಲ್ಲಿ ನಯವಾದ ಗುಂಡು ಕಟ್ಟಿಕೊಂಡು ಆರ್ಕನ್ನು ಸ್ಥಿರವಾಗಿ ಹಿಡಿಯುವ ಶುದ್ಧ ಟಂಗ್‌ಸ್ಟನ್ನೇ ಸರಿಯಾದ ಆಯ್ಕೆಯಾಗಿತ್ತು. ಇನ್ವರ್ಟರ್ ಯಂತ್ರದಲ್ಲಿ ಬ್ಯಾಲೆನ್ಸ್ ಗುಂಡಿ ಇದೆ. ಋಣಾತ್ಮಕ ಪಾಲನ್ನು ಶೇ. 70ರ ಆಸುಪಾಸಿಗೆ ಏರಿಸಿ, ತುದಿಯನ್ನು ಸ್ವಲ್ಪ ಮೊಂಡು ಮಾಡಿಕೊಂಡರೆ ನೀಲಿ ರಾಡ್ ಸ್ಪ್ರಿಂಕ್ಲರ್ ಪೈಪಿನ ಬಿರುಕನ್ನು ಹಸಿರಿಗಿಂತ ಸಣ್ಣ ಗೆರೆಯಲ್ಲಿ ಮುಚ್ಚುತ್ತದೆ. ಕೆಂಪನ್ನು ಎಸಿಯಲ್ಲಿ ಹಾಕಿದರೆ ತುದಿ ಒಂದೇ ಗುಂಡಾಗುವ ಬದಲು ಸಣ್ಣ ಸಣ್ಣ ಗಂಟುಗಳಾಗಿ ಆರ್ಕ್ ಚದುರುತ್ತದೆ. ಜಿರ್ಕೋನಿಯಂ ಬೆರೆತ ಬಿಳಿ ರಾಡ್ ಎಸಿಗೆ ಚೆನ್ನಾಗಿದೆ, ಡಿಸಿಗೆ ಅಲ್ಲ; ಆದ್ದರಿಂದ ನನ್ನ ಡ್ರಾಯರಿನ ಲೆಕ್ಕಕ್ಕೆ ಅದು ಬರುವುದಿಲ್ಲ.

ಬೂದು ರಾಡ್ ನೀಲಿಗೆ ನಿಜವಾದ ಎದುರಾಳಿ. 1.2 ಮಿಲಿಮೀಟರ್ ದಪ್ಪದ ರೇಲಿಂಗ್ ಪೈಪಿಗೆ 40ರಿಂದ 50 ಆಂಪಿಯರ್ ಸಾಕು; ಅಷ್ಟು ಕಡಿಮೆ ಕರೆಂಟಿನಲ್ಲಿ ಆರ್ಕ್ ಹತ್ತಿಸುವುದರಲ್ಲಿ ಬೂದನ್ನು ಮೀರಿಸಿದ್ದು ನನಗೆ ಸಿಕ್ಕಿಲ್ಲ. ಮಳೆಗಾಲದಲ್ಲಿ ವೋಲ್ಟೇಜ್ ಇಳಿದು ಯಂತ್ರವೇ ತಡವರಿಸುವಾಗ ಈ ಗುಣದ ಬೆಲೆ ಗೊತ್ತಾಗುತ್ತದೆ. ಆದರೆ ಕರೆಂಟ್ ಏರಿಸಿ ದಪ್ಪ ತಗಡಿಗೆ ಹೋದರೆ ತುದಿಯ ಬಳಿಯ ಆಕ್ಸೈಡ್ ಬೇಗ ಖಾಲಿಯಾಗಿ ಚೂಪು ಸವೆಯುತ್ತದೆ. ರೇಲಿಂಗ್ ಬಿಟ್ಟು ಬೇರೇನೂ ಮಾಡದವರು ಕಣ್ಣು ಮುಚ್ಚಿ ಬೂದನ್ನು ಕೊಳ್ಳಬಹುದು.

ನೀಲಿಯಲ್ಲೂ ದೋಷವಿಲ್ಲದಿಲ್ಲ. ಪೊಟ್ಟಣದ ಮೇಲೆ ತಯಾರಕರ ಹೆಸರು, ಶೇ. 2ರ ಲ್ಯಾಂಥನಂ ಎಂದು ತಿಳಿಸುವ ಡಬ್ಲ್ಯುಎಲ್ 20 ಎಂಬ ಗುರುತು ಯಾವುದೂ ಇಲ್ಲದೆ, ತುದಿಗೆ ನೀಲಿ ಬಳಿದು ಅಗ್ಗಕ್ಕೆ ಮಾರುವ ಸರಕು ಆನ್‌ಲೈನಿನಲ್ಲಿ ಧಾರಾಳವಾಗಿದೆ. ನಾನು ತರಿಸಿದ ಅಂಥದೊಂದು ಪೊಟ್ಟಣದ ರಾಡುಗಳು ಸಾಣೆ ಹಿಡಿಯುವಾಗಲೇ ಕಬ್ಬಿನ ಸಿಪ್ಪೆಯಂತೆ ಉದ್ದಕ್ಕೆ ಸೀಳಿದವು. ಬಣ್ಣವನ್ನು ಯಾರು ಬೇಕಾದರೂ ಹಚ್ಚಬಹುದಾದ್ದರಿಂದ, ಬಿಲ್ ಕೊಡುವ ಅಂಗಡಿಯಿಂದ ಗುರುತಿರುವ ಪೊಟ್ಟಣವನ್ನೇ ಕೇಳಿ ತರಬೇಕು.

ಯಾವ ಬಣ್ಣವಾದರೂ ಕೆಲವು ನಿಯಮಗಳು ಬದಲಾಗುವುದಿಲ್ಲ. ಸಾಣೆಯ ಗೆರೆಗಳು ರಾಡಿನ ಉದ್ದಕ್ಕೇ ಬೀಳಬೇಕು. ಅಡ್ಡಗೆರೆ ಬಿದ್ದರೆ ಆರ್ಕ್ ಅಲೆದಾಡುತ್ತದೆ. ಚೂಪಿನ ಉದ್ದ ರಾಡಿನ ದಪ್ಪದ ಎರಡರಿಂದ ಎರಡೂವರೆ ಪಟ್ಟು ಇದ್ದರೆ ಸಾಕು. ಎಂಎಸ್ ತಿಕ್ಕುವ ಕಲ್ಲಿನಲ್ಲಿ ಟಂಗ್‌ಸ್ಟನ್ ತಿಕ್ಕಕೂಡದು. ಅದಕ್ಕೆಂದೇ ಒಂದು ಡೈಮಂಡ್ ಚಕ್ರ ಇಟ್ಟುಕೊಂಡರೆ ಹಣ ವ್ಯರ್ಥವಾಗುವುದಿಲ್ಲ. ಕೆಟ್ಟ ತುದಿಯನ್ನು ಇಕ್ಕಳದಲ್ಲಿ ಮುರಿಯುವ ಬದಲು ತೆಳು ಡೈಮಂಡ್ ಡಿಸ್ಕಿನಿಂದ ಕತ್ತರಿಸಿದರೆ ಒಳಗೆ ಬಿರುಕು ಹೋಗುವುದಿಲ್ಲ. ಆರ್ಕ್ ಆರಿದ ಮೇಲೆ ತುದಿ ನೀಲಿಗಪ್ಪಾಗಿದ್ದರೆ ರಾಡನ್ನು ಬೈದು ಪ್ರಯೋಜನವಿಲ್ಲ, ಆರ್ಗಾನ್ ಬೇಗ ನಿಂತಿದೆ ಎಂದರ್ಥ. ಪ್ರತಿ 10 ಆಂಪಿಯರಿಗೆ ಒಂದು ಸೆಕೆಂಡಿನಂತೆ ಗ್ಯಾಸ್ ಹರಿಯಲು ಬಿಟ್ಟರೆ ತುದಿ ಬೆಳ್ಳಗೆ ಹೊಳೆಯುತ್ತದೆ. ತೆರೆದ ಶೆಡ್ಡಿನಲ್ಲಿ ಜುಲೈ ಗಾಳಿಗೆ ಎದುರಾಗಿ ಕುಳಿತರೆ ಇದಾವುದೂ ಉಳಿಯುವುದಿಲ್ಲ. ಗಾಳಿಯ ಕಡೆಗೊಂದು ಪರದೆ ಕಟ್ಟಿಕೊಳ್ಳಬೇಕು.

ದಿನವಿಡೀ ದಪ್ಪ ಎಂಎಸ್, ಎಸ್‌ಎಸ್ ಪ್ಲೇಟನ್ನೇ ಡಿಸಿಯಲ್ಲಿ ಬೆಸೆಯುವ, ಧೂಳು ಹೀರುವ ಗ್ರೈಂಡರ್ ಇರುವ ಹಾಸನದ ಕೈಗಾರಿಕಾ ಪ್ರದೇಶದ ಘಟಕಗಳು ಕೆಂಪನ್ನು ಬಿಡಬೇಕೆಂದು ನಾನು ವಾದಿಸುವುದಿಲ್ಲ. ನನ್ನಂತೆ ಒಂದೇ ಯಂತ್ರ, ಎರಡು ಲೋಹ, ತಿರುಗಿಸಿ ಹಾಕುವ ಹುಡುಗರು ಇರುವವರು ಪೊಟ್ಟಣದ ಮೇಲೆ ಸ್ವಲ್ಪ ಹೆಚ್ಚು ಕೊಟ್ಟು ನೀಲಿ ತರುವುದು ಮೇಲು. ರೇಲಿಂಗಿಗೆ 1.6 ಮಿಲಿಮೀಟರಿನದು, ಸ್ಪ್ರಿಂಕ್ಲರ್ ಪೈಪಿಗೆ 2.4ರದು, ಹೀಗೆ ಒಂದೊಂದು ಪೊಟ್ಟಣ ಸಾಕು. ದಪ್ಪ ಬೇರೆಯಾದ್ದರಿಂದ ಇವೆರಡು ಕಲಸಿಹೋಗುವ ಭಯವಿಲ್ಲ. 2.4ರ ರಾಡ್ ಕೊಳ್ಳುವಾಗಲೇ ಅದರ ಕಾಲೆಟ್ ಮತ್ತು ಕಾಲೆಟ್ ಬಾಡಿಯನ್ನೂ ಕೇಳಿ ತಂದುಬಿಡಿ, 1.6ರದರೊಳಗೆ ಅದು ಹಿಡಿಸುವುದಿಲ್ಲ.