ಲಸಿಕೆಯ ಬಗ್ಗೆ ಆತಂಕವಿದ್ದಾಗ: ಸರ್ಕಾರಿ ಮಕ್ಕಳ ವಿಭಾಗವೋ, ಖಾಸಗಿ ತಜ್ಞರೋ?

ಹುಬ್ಬಳ್ಳಿ-ಧಾರವಾಡದಲ್ಲಿ ಕೂಸಿಗೆ ಲಸಿಕೆ ಹಾಕಿಸುವ ಮುನ್ನ ಬಿಚ್ಚುಮನಸ್ಸಿನಿಂದ ಮಾತನಾಡಬಯಸುವ ತಂದೆ-ತಾಯಿಗೆ ಎರಡು ದಾರಿಗಳಿವೆ: ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಆಸ್ಪತ್ರೆಯಂತಹ ಸರ್ಕಾರಿ ಮಕ್ಕಳ ವಿಭಾಗ, ಇಲ್ಲವೇ ಖಾಸಗಿ ತಜ್ಞರು.

ಸರ್ಕಾರಿ ವ್ಯವಸ್ಥೆಯಲ್ಲಿ ಲಸಿಕೆ ಉಚಿತ. 6, 10 ಮತ್ತು 14ನೇ ವಾರದ ಪೆಂಟಾವೇಲೆಂಟ್ (ಐದು ರೋಗಗಳಿಗೆ ಒಂದೇ ಲಸಿಕೆ), 9ನೇ ತಿಂಗಳ ದಡಾರ-ರುಬೆಲ್ಲಾ ಚುಚ್ಚುಮದ್ದು ಎಲ್ಲವೂ ತಾಯಿ ಕಾರ್ಡಿನಲ್ಲಿ ದಾಖಲಾಗುತ್ತವೆ. ತಪ್ಪಿದರೆ ಆಶಾ ಕಾರ್ಯಕರ್ತೆ ಮನೆಗೇ ಬಂದು ನೆನಪಿಸುತ್ತಾರೆ. ಆದರೆ ಸಾಲು ಉದ್ದವಿರುವಾಗ ಹತ್ತು ಪ್ರಶ್ನೆ ಕೇಳಲು ಪುರುಸೊತ್ತು ಸಿಗುವುದಿಲ್ಲ.

ಖಾಸಗಿಯಲ್ಲಿ ಹಣ ಕೊಡಬೇಕು, ಆದರೆ ಸಮಯ ಗೊತ್ತುಪಡಿಸಿಕೊಂಡು ಕುಳಿತು ಮಾತನಾಡಬಹುದು. ಸರ್ಕಾರದ ಪಟ್ಟಿಯಲ್ಲಿಲ್ಲದ ಚಿಕನ್‌ಪಾಕ್ಸ್, ಹೆಪಟೈಟಿಸ್ ಎ ಲಸಿಕೆಗಳೂ ಅಲ್ಲಿ ದೊರೆಯುತ್ತವೆ. ‘ನೋವಿಲ್ಲದ್ದು’ ಎಂದು ಮಾರುವ ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು) ಲಸಿಕೆಯ ಮಾದರಿಯಿಂದ ಜ್ವರ, ಊತ ಕಡಿಮೆಯೆಂಬುದು ನಿಜ. ನಾಯಿಕೆಮ್ಮಿನ ವಿರುದ್ಧ ಅದರ ರಕ್ಷಣೆ ಬೇಗ ಕುಗ್ಗುತ್ತದೆಂಬುದನ್ನು ಮಾತ್ರ ಎಲ್ಲರೂ ಹೇಳುವುದಿಲ್ಲ.

ನನ್ನ ಮಟ್ಟಿಗೆ ಶುಲ್ಕಕ್ಕಿಂತ ಮುಖ್ಯವಾದುದು ಉತ್ತರಿಸುವ ರೀತಿ. ಲಸಿಕೆಯಿಂದ ಆಟಿಸಂ ಬರುತ್ತದೆಯೇ ಎಂದು ಕೇಳಿದಾಗ ಗದರಿಸದೆ, ಅಂಥ ನಂಟನ್ನು ಸೂಚಿಸಿದ್ದ 1998ರ ಪ್ರಬಂಧವನ್ನು ಅದನ್ನು ಪ್ರಕಟಿಸಿದ್ದ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತೆಂದು ವಿವರಿಸುವ ವೈದ್ಯರು ಎಲ್ಲಿದ್ದರೂ ಅವರನ್ನೇ ಆರಿಸಿಕೊಳ್ಳಬೇಕು. ‘ಬೇಡವಾದರೆ ಬಿಡಿ’ ಎನ್ನುವ ಸೌಮ್ಯ ವೈದ್ಯರು ಗದರುವವರಿಗಿಂತಲೂ ಅಪಾಯಕಾರಿ. ಹಣದ ಬಿಗುವಿದ್ದವರು ಖಾಸಗಿಯಲ್ಲಿ ಒಮ್ಮೆ ಸಮಾಲೋಚಿಸಿ, ಪಟ್ಟಿಯಲ್ಲಿರುವ ಲಸಿಕೆಗಳನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹಾಕಿಸಬಹುದು. ಎರಡೂ ಕಡೆಗೆ ಅದೇ ಕಾರ್ಡನ್ನು ಒಯ್ಯಬೇಕು.